ಮೊದಲು ನೀರು, ಆಮೇಲೆ ಮಹಡಿ

ಮಗನೋ ಮಗಳೋ ಪುಣೆಯಲ್ಲಿ ಫ್ಲ್ಯಾಟ್ ನೋಡಿದ್ದಾರೆಂದು ಧಾರವಾಡ, ಹುಬ್ಬಳ್ಳಿ ಕಡೆಯ ಬಳಗದವರು ಆಗಾಗ ನನಗೆ ಫೋನ್ ಮಾಡುತ್ತಾರೆ. "ಬಾಲೇವಾಡಿ ಏರಿಯಾ ಹೆಂಗೈತಿ ಅಕ್ಕಾ?" ಎಂದು ಕೇಳುತ್ತಾರೆ. ಚಲೋ ಐತಿ ಎಂದೇ ಹೇಳುತ್ತೇನೆ. ಅದು ನಿಜವೂ ಹೌದು. ಶಾಲೆ, ದವಾಖಾನೆ, ಅಂಗಡಿ ಎಲ್ಲ ಹತ್ತಿರ. ಮುಳಾ ಹೊಳೆ ದಾಟಿದರೆ ವಾಕಡ್, ಅದರಾಚೆ ಹಿಂಜವಡಿಯ ಐಟಿ ಕಂಪನಿಗಳು. ಆದರೆ ಒಂದು ಮಾತು ಹೇಳದೆ ಫೋನ್ ಇಡುವುದಿಲ್ಲ: "ಹಾಲ್ ಎಷ್ಟು ದೊಡ್ಡದೈತಿ ಅಂತ ಆಮ್ಯಾಲ ನೋಡ್ರಿ. ಮೊದಲ ಗೇಟಿಗೆ ಹೋಗಿ ಟ್ಯಾಂಕರ್ ರಜಿಸ್ಟರ್ ತಗಿಸಿ ನೋಡ್ರಿ."

ಪುಣೆ ಹೊರವಲಯದ ಬಹಳಷ್ಟು ಸೊಸೈಟಿಗಳಲ್ಲಿ ವಾಚ್‌ಮನ್ನನ ಮೇಜಿನ ಮೇಲೆ ಈ ಉದ್ದನೆಯ ಪುಸ್ತಕ ಇರುತ್ತದೆ. ತಾರೀಖು, ಬಂದ ಹೊತ್ತು, ಗಾಡಿ ನಂಬರು, ಎಷ್ಟು ಲೀಟರು, ಡ್ರೈವರನ ಸಹಿ. ಮಾರ್ಚ್ ಬಂದರೆ ಸಾಲುಗಳು ಒತ್ತೊತ್ತಾಗುತ್ತವೆ. ಜುಲೈ ಹೊತ್ತಿಗೆ ತೆಳುವಾದರೂ ಪೂರ್ತಿ ನಿಲ್ಲುವುದಿಲ್ಲ. ಬಿಲ್ಡರ್ ಕೊಡುವ ಬಣ್ಣದ ಪುಸ್ತಿಕೆಯಲ್ಲಿ ಈಜುಕೊಳದ ಚಿತ್ರವಿರುತ್ತದೆ, ಈ ಲೆಕ್ಕ ಇರುವುದಿಲ್ಲ.

ಲೆಕ್ಕವೇನೂ ಕಷ್ಟದ್ದಲ್ಲ. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರದ ಮಾನದಂಡ. ನಾಲ್ಕು ಜನರ ಮನೆಗೆ 540 ಲೀಟರ್ ಆಯಿತು. 10,000 ಲೀಟರಿನ ಒಂದು ಟ್ಯಾಂಕರ್ ಹದಿನೆಂಟು ಮನೆಗಳ ಒಂದು ದಿನದ ಖರ್ಚು. 200 ಫ್ಲ್ಯಾಟ್‌ಗಳ ಒಂದು ಸೊಸೈಟಿಗೆ ನಳದಲ್ಲಿ ಹನಿಯೂ ಬಾರದೆ ಹೋದರೆ ದಿನಕ್ಕೆ ಹನ್ನೊಂದು ಟ್ಯಾಂಕರ್ ಬೇಕು. ಅಂಥ ಸೊಸೈಟಿಗಳು ಒಂದು ರಸ್ತೆಯ ಎರಡೂ ಬದಿಗೆ ನಿಂತಿದ್ದರೆ ಆ ರಸ್ತೆಯಲ್ಲಿ ಬೆಳಿಗ್ಗೆ ಮಕ್ಕಳ ಸ್ಕೂಲ್ ಬಸ್ಸಿಗಿಂತ ಮುಂಚೆ ಓಡಾಡುವುದು ಟ್ಯಾಂಕರ್‌ಗಳೇ.

ಹೊಲ ಹೋಗಿ ಹೈಸ್ಟ್ರೀಟ್ ಬಂದ ಬಗೆ

ಬಾಣೇರ್ ಮತ್ತು ಬಾಲೇವಾಡಿ ಪುಣೆಯ ಪಶ್ಚಿಮದಂಚಿನ ಹಳ್ಳಿಗಳಾಗಿದ್ದವು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಬಾಲೇವಾಡಿಯಲ್ಲಿ ಶಿವ ಛತ್ರಪತಿ ಕ್ರೀಡಾ ಸಂಕೀರ್ಣ ಕಟ್ಟಿದರು. 1997ರಲ್ಲಿ ಸುತ್ತಲಿನ ಹಳ್ಳಿಗಳನ್ನು ಪುಣೆ ಮಹಾನಗರ ಪಾಲಿಕೆಗೆ ಸೇರಿಸಿದಾಗ ಇವೂ ಸೇರಿದವು. ಅದೇ ಸುಮಾರಿಗೆ ಹಿಂಜವಡಿಯಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಶುರುವಾಯಿತು. ಮುಂಬೈ-ಬೆಂಗಳೂರು ಹೆದ್ದಾರಿ ಪಕ್ಕದಲ್ಲೇ ಇತ್ತು. ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಹೊಲಗಳು ಗುಂಟೆ ಗುಂಟೆಯಾಗಿ ಮಾರಾಟವಾದವು. ಹೀಗೆ ದಿಢೀರ್ ದುಡ್ಡು ಕಂಡವರನ್ನು ಇಲ್ಲಿಯ ಜನ 'ಗುಂಠಾಮಂತ್ರಿ' ಎಂದು ಕರೆದರು.

ನಾನು ಇಲ್ಲಿಗೆ ಬಂದಾಗ ನಮ್ಮ ಕಟ್ಟಡದ ಹಿಂದೆ ಇನ್ನೂ ಹೊಲವಿತ್ತು. ಆ ಹೊಲದ ಯಜಮಾನರು ಈಗ ಎಂಬತ್ತು ದಾಟಿದ ಅಜ್ಜ. ಊರ ಗುಡಿಯ ಕಟ್ಟೆಯ ಮೇಲೆ ಸಿಕ್ಕಾಗ ಮಾತಾಡುತ್ತಾರೆ. ಮೊಮ್ಮಗಳು ಎಂಜಿನಿಯರ್ ಆಗಿದ್ದಾಳೆ, ಮೊಮ್ಮಗನಿಗೆ ಎರಡು ಅಂಗಡಿಗಳ ಬಾಡಿಗೆ ಬರುತ್ತದೆ. ಅಭಿವೃದ್ಧಿಯನ್ನು ಅವರು ಬಯ್ಯುವುದಿಲ್ಲ. "ನಿಮ್ಮಂಥವರು ಬಂದಿದ್ದಕ್ಕೇ ನಮ್ಮ ಮಕ್ಕಳು ಓದಿದರು" ಎನ್ನುತ್ತಾರೆ. ಅವರ ಬೇಸರವೇ ಬೇರೆ. ಯಾವ ಹೊಲ ಯಾವಾಗ ಏನಾಗಬೇಕು ಎನ್ನುವುದು ನಕ್ಷೆ ಬರೆಯುವವರ, ಬಿಲ್ಡರ್‌ಗಳ ನಡುವೆಯೇ ತೀರ್ಮಾನವಾಯಿತು, ಊರಿನವರಿಗೆ ಉಳಿದದ್ದು ಮಾರುವ ಕೆಲಸ ಮಾತ್ರ ಎಂಬುದು.

ಅದೇ ಪುಣೆಯ ಇನ್ನೊಂದು ದಿಕ್ಕಿನಲ್ಲಿ ಬೇರೆ ದಾರಿಯೂ ತೆರೆದಿತ್ತು. ಹಡಪಸರದ ಮಗರ್ ಮನೆತನದ ಸುಮಾರು 120 ರೈತ ಕುಟುಂಬಗಳು ಸತೀಶ್ ಮಗರ್ ಅವರ ಮುಂದಾಳತ್ವದಲ್ಲಿ ತಮ್ಮ 400ಕ್ಕೂ ಹೆಚ್ಚು ಎಕರೆಯನ್ನು ಒಟ್ಟುಗೂಡಿಸಿ ತಾವೇ ಕಂಪನಿ ಕಟ್ಟಿದವು. ಎಷ್ಟು ಜಮೀನೋ ಅಷ್ಟು ಪಾಲು. 2000ದ ಹೊತ್ತಿಗೆ ಮಗರ್‌ಪಟ್ಟಾ ಸಿಟಿಯ ಕಟ್ಟಡಗಳು ಏಳತೊಡಗಿದವು. ರಸ್ತೆ, ತೋಟ, ಕಚೇರಿ, ಮನೆ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಹಾಕಿದರು. ಆ ಮಾದರಿಗೂ ಟೀಕೆಗಳಿವೆ, ಎಲ್ಲ ಊರಿಗೂ ಅದು ಹೊಂದುವುದಿಲ್ಲ. ಆದರೆ ನೆಲದ ಯಜಮಾನರು ಒಗ್ಗಟ್ಟಾಗಿ ನಕ್ಷೆಯ ಮುಂದೆ ಕೂತರೆ ಏನಾಗಬಹುದು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಭಾಗದಲ್ಲಿಲ್ಲ.

ನೀರಿಗೆ ಒಂದು ಕಾಗದ

ನಳದ ನೀರಿಲ್ಲದ ಕಡೆ ಕಟ್ಟಡಕ್ಕೆ ಅನುಮತಿ ಹೇಗೆ ಸಿಗುತ್ತದೆ ಎಂದು ಓದುಗರಿಗೆ ಅನ್ನಿಸಬಹುದು. ಅದಕ್ಕೊಂದು ಕಾಗದವಿದೆ. ಮರಾಠಿಯಲ್ಲಿ ಅದಕ್ಕೆ 'ಹಮೀಪತ್ರ' ಎನ್ನುತ್ತಾರೆ. ಪಾಲಿಕೆ ನೀರು ಕೊಡಲು ಶಕ್ತವಾಗುವ ತನಕ ನಾನೇ ನನ್ನ ಖರ್ಚಿನಲ್ಲಿ ನೀರು ಒದಗಿಸುತ್ತೇನೆ ಎಂದು ಬಿಲ್ಡರ್ ಬರೆದುಕೊಡುವ ಮುಚ್ಚಳಿಕೆ ಅದು. ಅನುಮತಿ ಸಿಗುತ್ತದೆ, ಕಟ್ಟಡ ಏಳುತ್ತದೆ, ಫ್ಲ್ಯಾಟ್ ಮಾರಾಟವಾಗುತ್ತದೆ, ಸೊಸೈಟಿ ನೋಂದಣಿಯಾಗಿ ಆಡಳಿತ ನಿವಾಸಿಗಳ ಕೈಗೆ ಬರುತ್ತದೆ. ಆಮೇಲೆ ಆ ಮುಚ್ಚಳಿಕೆಯನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಟ್ಯಾಂಕರ್ ಬಿಲ್ಲು ಮೇಂಟೆನೆನ್ಸ್‌ನಲ್ಲಿ ಸೇರಿಬಿಡುತ್ತದೆ.

ನಮ್ಮ ಸೊಸೈಟಿಯಲ್ಲೂ ಆದದ್ದು ಇದೇ. ನಾನು ಕಮಿಟಿಯಲ್ಲಿದ್ದಾಗ ಆ ಹಮೀಪತ್ರದ ಪ್ರತಿ ಬೇಕೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಕೈಗೆ ಬಂದದ್ದು ಒಂದೇ ಹಾಳೆ. ಕೆಳಗೆ ಸಹಿ, ಸಿಕ್ಕಾ. ಎಷ್ಟು ನೀರು, ಎಷ್ಟು ವರ್ಷ, ತಪ್ಪಿದರೆ ದಂಡವೇನು, ಒಂದೂ ಅದರಲ್ಲಿ ಇರಲಿಲ್ಲ. ಇನ್ನೂರು ಮನೆಗಳ ನೀರು ಆ ಅಷ್ಟು ಸಾಲುಗಳ ಮೇಲೆ ನಿಂತಿತ್ತು. ಅವತ್ತು ಮೀಟಿಂಗಿನಲ್ಲಿ ಹಿರಿಯರೊಬ್ಬರು ಆ ಹಾಳೆಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ನೀರನ್ನು ಹಿಂದಿಟ್ಟು ಮನೆಗಳನ್ನು ಮುಂದೆ ತಂದರೆ ಅದರ ಬೆಲೆ ಬರಿಯ ಬಿಲ್ಲಿನಲ್ಲಿ ಮುಗಿಯುವುದಿಲ್ಲ. 2021ರ ಜೂನ್ 30ರಂದು ಇನ್ನೂ 23 ಹಳ್ಳಿಗಳು ಪಾಲಿಕೆಗೆ ಸೇರಿ ಪುಣೆಯ ವಿಸ್ತೀರ್ಣ 500 ಚದರ ಕಿಲೋಮೀಟರ್ ದಾಟಿತು. ಹಾಗೆ ಸೇರಿದ ಸಿಂಹಗಡ ರಸ್ತೆಯ ನಾಂದೇಡ್, ಕಿರ್ಕಟವಾಡಿ ಭಾಗದಲ್ಲಿ 2025ರ ಜನವರಿಯಲ್ಲಿ ಗಿಯಾನ್ ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆ ಹಬ್ಬಿತು. ಕೈಕಾಲಿನ ಶಕ್ತಿ ಹೋಗಿ ಕೆಲವರನ್ನು ವೆಂಟಿಲೇಟರ್‌ನಲ್ಲಿ ಇಡಬೇಕಾಯಿತು. ಶಂಕಿತ ರೋಗಿಗಳ ಸಂಖ್ಯೆ 200 ದಾಟಿತು. ಕಲುಷಿತ ನೀರಿನ ಮೇಲೆ ತಜ್ಞರ ಕಣ್ಣು ಬಿತ್ತು. ಅಲ್ಲಿಯ ಮನೆಗಳಿಗೆ ಬಾವಿಯ ನೀರು ಶುದ್ಧೀಕರಣ ಘಟಕ ಕಾಣದೆ ಕ್ಲೋರಿನ್ ಹಾಕಿಸಿಕೊಂಡಷ್ಟೇ ಬರುತ್ತಿತ್ತು. ಹಳ್ಳಿ ನಗರಕ್ಕೆ ಸೇರಿ ಮೂರು ವರ್ಷ ಮೀರಿದ್ದರೂ ನಗರದ ನೀರು ಹಳ್ಳಿಯನ್ನು ತಲುಪಿರಲಿಲ್ಲ.

ಬೆಂಗಳೂರಿನವರಿಗೆ ಇದು ಹೊಸ ಕಥೆಯಲ್ಲ. 2007ರಲ್ಲಿ 110 ಹಳ್ಳಿಗಳನ್ನು ಬಿಬಿಎಂಪಿಗೆ ಸೇರಿಸಿದರು. ಆ ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿಯ ಅಪಾರ್ಟ್‌ಮೆಂಟುಗಳನ್ನು ಸಾಕಿದ್ದು ಕೊಳವೆಬಾವಿ ಮತ್ತು ಟ್ಯಾಂಕರ್.

ಅಂಗಡಿ ಬೇಕೋ ಬೇಡವೋ

ವಾಣಿಜ್ಯ ಕಟ್ಟಡಗಳ ಬಗ್ಗೆ ನಮ್ಮ ಸೊಸೈಟಿಯಲ್ಲೇ ಒಮ್ಮತವಿಲ್ಲ. ಅಂಗಡಿ, ಹೋಟೆಲ್‌ಗಳ ಬೀದಿಯಾದ ಬಾಲೇವಾಡಿ ಹೈಸ್ಟ್ರೀಟ್‌ಗೆ ಹತ್ತಿಕೊಂಡ ಕಟ್ಟಡಗಳಲ್ಲಿರುವವರು ರಾತ್ರಿ ಸಂಗೀತ, ಅಡ್ಡಾದಿಡ್ಡಿ ಪಾರ್ಕಿಂಗ್ ಎಂದು ಬೇಸತ್ತಿದ್ದಾರೆ. ಕಾಲೇಜಿಗೆ ಹೋಗುವ ನನ್ನ ಮಗಳ ಮಾತು ಬೇರೆ: "ಆಯಿ, ರಾತ್ರಿ ಹತ್ತಕ್ಕ ಕ್ಲಾಸ್ ಮುಗಿಸಿ ಬರೂಮುಂದ ಅಂಗಡಿ ದೀಪ ಇರೂ ರಸ್ತಾದಾಗ ಅಂಜಿಕಿ ಆಗೂದಿಲ್ಲ." ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲ್ ನಡೆಸುವ ಹಿರಿಯರಿಗೆ ಹೊಸ ಕಚೇರಿಗಳೇ ಊಟದ ಹೊತ್ತಿನ ಗಿರಾಕಿ. ಬಾಣೇರ್‌ನಲ್ಲಿ ಬಂಟರ ಭವನವೇ ಎದ್ದು ನಿಂತಿರುವಷ್ಟು ನಮ್ಮವರು ಈ ಭಾಗದ ವ್ಯಾಪಾರದಲ್ಲಿದ್ದಾರೆ. ಮೂವರ ಮಾತಿನಲ್ಲೂ ಸತ್ಯವಿದೆ. ಅಂಗಡಿ ಬೇಡವೆಂದು ಹೇಳುವವರು ಕಡಿಮೆ. ಅಂಗಡಿಗೆ ಬರುವವರ ಗಾಡಿ ಅಂಗಡಿಯ ನೆಲಮಾಳಿಗೆಯಲ್ಲೇ ನಿಲ್ಲಲಿ, ನಮ್ಮ ಗೇಟಿನ ಮುಂದೆ ಬೇಡ ಎನ್ನುವವರು ಹೆಚ್ಚು.

ಈಗ ಹಿಂಜವಡಿಯಿಂದ ಶಿವಾಜಿನಗರಕ್ಕೆ 23 ಕಿಲೋಮೀಟರಿನ ಮೆಟ್ರೋ ಮಾರ್ಗ ನಮ್ಮ ಭಾಗವನ್ನು ಹಾದು ಹೋಗುತ್ತದೆ. ಮೆಟ್ರೋ ಬರಲಿ ಎಂದು ಎಲ್ಲರೂ ಕಾದವರೇ. ಆದರೆ ನಿಲ್ದಾಣದ ಸುತ್ತಲಿನ 500 ಮೀಟರ್ ವಲಯದಲ್ಲಿ ಎಫ್‌ಎಸ್‌ಐ, ಅಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ, ನಾಲ್ಕರವರೆಗೆ ಏರಬಹುದು. ರೈಲಿನ ಹತ್ತಿರ ಹೆಚ್ಚು ಜನ ಇರಬೇಕೆಂಬ ತತ್ವ ಸರಿಯಾದದ್ದೇ. ಆ ಹೆಚ್ಚುವರಿ ಮಹಡಿಗಳಿಗೆ ನೀರಿನ ಕೊಳವೆ, ಒಳಚರಂಡಿ ಎಷ್ಟು ದಪ್ಪ ಬೇಕೆಂಬ ಲೆಕ್ಕವೂ ಅದೇ ಆದೇಶದಲ್ಲಿ ಬರಬೇಕು ಎಂಬುದಷ್ಟೇ ನಮ್ಮ ಕೋರಿಕೆ.

ಕಟ್ಟುವವರೂ ನಿವಾಸಿಗಳೇ

ನಿವಾಸಿಗಳ ಅಭಿಪ್ರಾಯ ಎಂದಾಗ ಯಾರೂ ಲೆಕ್ಕಕ್ಕೆ ಹಿಡಿಯದವರಿದ್ದಾರೆ. ನಮ್ಮ ಎದುರಿನ ಸೈಟಿನಲ್ಲಿ ತಗಡಿನ ಖೋಲಿಗಳ ಸಾಲಿದೆ. ಅಲ್ಲಿ ಸಂಜೆ ಕೇಳಿಬರುವುದು ವಿಜಯಪುರ, ಕಲಬುರ್ಗಿ, ಯಾದಗಿರಿಯ ಕನ್ನಡ. ಇಂಡಿ ತಾಲೂಕಿನ ಒಬ್ಬ ತಾಯಿ ಹತ್ತೊಂಬತ್ತನೇ ಮಹಡಿಗೆ ಇಟ್ಟಿಗೆ ಸಾಗಿಸುವ ಕೆಲಸದಲ್ಲಿದ್ದಾಳೆ. "ಮ್ಯಾಲಿಂದ ನೋಡಿದ್ರ ಹೊಳಿ, ಗುಡ್ಡಾ ಎಲ್ಲಾ ಕಾಣತೈತ್ರಿ ಅಕ್ಕಾರ. ಕೆಳಗ ಬಂದ್ರ ಕುಡಿಯಾಕ ನೀರ ಹುಡುಕಬೇಕು" ಎಂದಳು.

2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸೈಟಿನಲ್ಲಿ ತಾತ್ಕಾಲಿಕ ವಸತಿ, ಕುಡಿಯುವ ನೀರು, ಶೌಚಾಲಯ ಕೊಡಬೇಕೆಂದು ಹೇಳಿತ್ತು. ಐವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಡೆ ಮಕ್ಕಳಿಗೆ ಕೂಸಿನ ಮನೆಯೂ ಇರಬೇಕೆಂದಿತ್ತು. ಎರಡು ಮೂರು ವರ್ಷ ಒಂದೇ ಜಾಗದಲ್ಲಿ ಬಾಳುವ ಈ ಕುಟುಂಬಗಳು ಆ ಜಾಗದ ನಿವಾಸಿಗಳೇ. ನಮ್ಮ ಟ್ಯಾಂಕರಿನ ಬಗ್ಗೆ ದನಿ ಎತ್ತುವಾಗ ಅವರ ಕೊಡದ ಬಗ್ಗೆಯೂ ಮಾತಾಡುವುದು ನಮ್ಮ ಕರ್ತವ್ಯ.

ದನಿ ಎಲ್ಲಿ ಮುಟ್ಟಬೇಕು

ಮಹಾರಾಷ್ಟ್ರದಲ್ಲಿ 1966ರ ಪ್ರಾದೇಶಿಕ ಮತ್ತು ನಗರ ಯೋಜನೆ ಕಾಯ್ದೆ ಸಾಮಾನ್ಯರಿಗೆ ಒಂದು ಹಕ್ಕು ಕೊಟ್ಟಿದೆ. ಕರಡು ಅಭಿವೃದ್ಧಿ ಯೋಜನೆ ಪ್ರಕಟವಾದ ಮೇಲೆ ಯಾರು ಬೇಕಾದರೂ ಆಕ್ಷೇಪಣೆ, ಸಲಹೆ ಸಲ್ಲಿಸಬಹುದು. ಯೋಜನಾ ಸಮಿತಿ ಅವರನ್ನು ಕರೆದು ಕೇಳಬೇಕು. ಬರೆಯುವುದು ಹೀಗೆ: ನಕ್ಷೆಯ ಹಾಳೆ ಸಂಖ್ಯೆ, ಸರ್ವೆ ನಂಬರು, ಅಲ್ಲಿ ಏನು ಗುರುತಿಸಿದ್ದಾರೆ, ಅದೇಕೆ ಸರಿಯಲ್ಲ, ಬದಲಿಗೆ ಏನು ಬೇಕು. ಸಿಟ್ಟಿನ ನಾಲ್ಕು ಪುಟಕ್ಕಿಂತ ಸರ್ವೆ ನಂಬರ್ ಇರುವ ನಾಲ್ಕು ಸಾಲು ಹೆಚ್ಚು ಕೆಲಸ ಮಾಡುತ್ತದೆ.

2013ರಲ್ಲಿ ಹಳೆಯ ಪುಣೆ ನಗರದ ಕರಡು ಯೋಜನೆಗೆ 87,000ಕ್ಕೂ ಹೆಚ್ಚು ಆಕ್ಷೇಪಣೆ, ಸಲಹೆಗಳು ಬಂದವು. ಹೊರವಲಯಕ್ಕಾಗಿ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ (ಪಿಎಂಆರ್‌ಡಿಎ) 2021ರಲ್ಲಿ ಪ್ರಕಟಿಸಿದ ಕರಡು ಯೋಜನೆಗೂ ಹತ್ತಾರು ಸಾವಿರ ಆಕ್ಷೇಪಣೆಗಳು ಬಂದು, ಕೊನೆಗೆ ಸರ್ಕಾರ 2025ರಲ್ಲಿ ಅದನ್ನೇ ಕೈಬಿಟ್ಟಿತು. 1997ರಲ್ಲಿ ಸೇರಿದ ಹಳ್ಳಿಗಳ ಗುಡ್ಡಗಳನ್ನು ಜೀವವೈವಿಧ್ಯ ಉದ್ಯಾನಕ್ಕೆ ಕಾದಿಡಬೇಕೆಂದು ನಾಗರಿಕರು ವರ್ಷಗಟ್ಟಲೆ ಹೋರಾಡಿದರು. 2015ರಲ್ಲಿ ಸುಮಾರು 978 ಹೆಕ್ಟೇರಿನ ಮೀಸಲಿಗೆ ಸರ್ಕಾರ ಒಪ್ಪಿತು. ಆ ಇಳಿಜಾರಿನಲ್ಲಿ ಜಮೀನಿದ್ದ ರೈತರು ನಮಗೆ ಪರಿಹಾರವೆಲ್ಲಿ ಎಂದು ಕೇಳುತ್ತಾರೆ. ಆ ಪ್ರಶ್ನೆಗೂ ನ್ಯಾಯವಾದ ಉತ್ತರ ಸಿಗಬೇಕು. ಗುಡ್ಡ ಉಳಿದದ್ದರ ಸುಖ ಎಲ್ಲರದು ಎಂದಮೇಲೆ ಅದರ ಖರ್ಚು ಒಬ್ಬ ರೈತನದಾಗಬಾರದು.

ಇನ್ನೊಂದು ಕೊರತೆಯನ್ನೂ ಹೇಳಬೇಕು. 2022ರ ಮಾರ್ಚ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಪುಣೆ ಆಡಳಿತಾಧಿಕಾರಿಯ ಕೈಯಲ್ಲೇ ಇತ್ತು. ನಗರ ಅತಿ ವೇಗವಾಗಿ ಬೆಳೆದ ಹೊತ್ತಿನಲ್ಲೇ ವಾರ್ಡಿನ ಸದಸ್ಯರ ಮನೆಯ ಬಾಗಿಲು ತಟ್ಟುವ ಅವಕಾಶ ಜನರಿಗಿರಲಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಕಟ್ಟಡಕ್ಕೆ ಓಸಿ, ಅಂದರೆ ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ, ಕೊಡುವ ಮುನ್ನ ನಳದಲ್ಲಿ ನೀರು ಬರುತ್ತಿದೆಯೇ ಎಂದು ಅಧಿಕಾರಿ ನಿಂತು ನೋಡಲಿ. ನೀರಿಲ್ಲದಿದ್ದರೆ ಹಮೀಪತ್ರದಲ್ಲಿ ಲೀಟರು, ವರ್ಷ, ದಂಡ ಮೂರೂ ಇರಲಿ, ಅದರ ಮೊತ್ತ ಪಾಲಿಕೆಯಲ್ಲಿ ಠೇವಣಿಯಾಗಿರಲಿ. ಆ ಪತ್ರ ಫ್ಲ್ಯಾಟ್ ಕೊಳ್ಳುವವರ ಕರಾರಿಗೆ ಲಗತ್ತಾಗಲಿ. ಧಾರವಾಡದ ಬೈಪಾಸ್, ಮೈಸೂರಿನ ರಿಂಗ್ ರೋಡ್, ಬೆಳಗಾವಿಯ ಹೊಸ ಲೇಔಟುಗಳ ಸುತ್ತ ಇಂದು ಕಲ್ಲು ನೆಡುತ್ತಿರುವ ಕಡೆಯೆಲ್ಲ ಇದನ್ನು ಈಗಲೇ ಕೇಳಬಹುದು. ನಾವು ಮನೆ ಕೊಂಡಮೇಲೆ ಕೇಳತೊಡಗಿದೆವು. ನೀವು ನಕ್ಷೆ ಕರಡಾಗಿರುವಾಗಲೇ ಕೇಳಿ.