ಸುವೊನ್‌ನ ಗಾಲ್ಬಿ: ಸುಡುವವರು ಬೇರೆಯೇ ಇದ್ದಾರೆ

ಕೊರಿಯನ್ ಬಾರ್ಬೆಕ್ಯೂ ಎಂದರೆ ಗಿರಾಕಿಯೇ ಅಡುಗೆಯವನಾಗುವ ಊಟ ಎಂಬ ಮಾತು ಈಗ ಎಲ್ಲ ಕಡೆ ಚಲಾವಣೆಯಲ್ಲಿದೆ. ಮೇಜಿನ ನಡುವೆ ಕೆಂಡದ ಗುಂಡಿ, ಪಕ್ಕದಲ್ಲಿ ಇಕ್ಕಳ ಮತ್ತು ಕತ್ತರಿ. ಬೇಕಾದ್ದನ್ನು ಸುಟ್ಟುಕೊಳ್ಳಿ, ತಿನ್ನಿ. ಸೋಲ್‌ನ ದಕ್ಷಿಣಕ್ಕೆ ಸುಮಾರು ಮೂವತ್ತು ಕಿ.ಮೀ. ದೂರದ ಸುವೊನ್ ನಗರದ ದೊಡ್ಡ ಗಾಲ್ಬಿ ಹೋಟೆಲುಗಳಲ್ಲಿ ಈ ಮಾತು ಅಷ್ಟಾಗಿ ನಡೆಯುವುದಿಲ್ಲ. ಗಾಲ್ಬಿ ಎಂದರೆ ದನದ ಪಕ್ಕೆಲುಬಿನ ಮಾಂಸ. ಅದನ್ನು ಎಲುಬಿನಿಂದ ಬೇರ್ಪಡಿಸದೆ, ಚಾಕುವಿನಿಂದ ಹಾಳೆಯಂತೆ ಬಿಡಿಸುತ್ತಾ ಹೋಗಬೇಕು. ಮೇಲೆ ನವಿರಾಗಿ ಗೀರಬೇಕು. ಕೈ ತಪ್ಪಿದರೆ ಒಂದೆಡೆ ದಪ್ಪ, ಇನ್ನೊಂದೆಡೆ ತೂತು. ಆಮೇಲೆ ಕೆಂಡ: ಹಿತ್ತಿಲ ಕಡೆ ಒಬ್ಬ ಇದ್ದಿಲು ಹೊತ್ತಿಸಿ, ಹೊಗೆ ಪೂರ್ತಿ ಕಳೆದ ಮೇಲೆ ಬಕೆಟ್ಟಿನಲ್ಲಿ ಹೊತ್ತು ತಂದು, ಕೂತವರ ಮೊಣಕಾಲಿಗೆ ತಾಗದಂತೆ ಗುಂಡಿಗೆ ಇಳಿಸುತ್ತಾನೆ. ಸುಡುವುದು, ಮಗುಚುವುದು, ಕತ್ತರಿಸುವುದು, ಕರಕಲಾದ ಜಾಲರಿ ತೆಗೆದು ಹೊಸದು ಹಾಕುವುದು ಬಡಿಸುವ ಹೆಂಗಸರ ಪಾಲು. ಗಿರಾಕಿಗೆ ಉಳಿಯುವುದು ಎಲೆಯಲ್ಲಿ ಸುತ್ತಿ ಬಾಯಿಗಿಡುವ ಕೆಲಸವೊಂದೇ. ಹಾಗಾಗಿ ಇಲ್ಲಿ ಕೊಡುವ ದುಡ್ಡು ಮಾಂಸಕ್ಕಿಂತ ಹೆಚ್ಚಾಗಿ ಕೈಗಳಿಗೆ ಕೊಡುವ ದುಡ್ಡು ಎಂದೇ ನನ್ನ ಲೆಕ್ಕ.

ಊರಿನ ಚರಿತ್ರೆ ಪ್ರವಾಸಿ ಕೈಪಿಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಜೊಸಾನ್ ವಂಶದ ದೊರೆ ಜಾಂಗ್ಜೊ 1794ರಿಂದ 1796ರ ನಡುವೆ ಹ್ವಾಸಾಂಗ್ ಕೋಟೆ ಕಟ್ಟಿಸಿದ. 1997ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು. ಕೋಟೆಯ ಜೊತೆಗೆ ಬೇಸಾಯ ಬೆಳೆಸಲು ರೈತರಿಗೆ ಎತ್ತು ಕೊಡಿಸಿದ, ಅದರಿಂದ ದನದ ಸಂತೆ ಬೆಳೆಯಿತು, ಸಂತೆಯಿಂದ ಗಾಲ್ಬಿ ಬಂತು ಎಂದು ಊರಿನವರು ಹೇಳುತ್ತಾರೆ. 1940ರ ದಶಕದಲ್ಲಿ ಯಂಗ್‌ಡಾಂಗ್ ಮಾರುಕಟ್ಟೆಯಲ್ಲಿ ಶುರುವಾದ ಹ್ವಾಚುನೊಕ್ ಎಂಬ ಹೋಟೆಲು ಉದ್ದನೆಯ ಎಲುಬಿನ ಗಾಲ್ಬಿಗೆ ಹೆಸರು ತಂದುಕೊಟ್ಟಿತು. ಆ ಮೂಲ ಹೋಟೆಲು ಮುಚ್ಚಿಹೋಗಿದೆ. ಗಬೊಜಾಂಗ್, ಬೊನ್‌ಸುವೊನ್‌ನಂಥ ಹೆಸರುಗಳು ಮುಂದಿವೆ. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಕೇಂದ್ರ ಕಚೇರಿ ಈ ಊರಲ್ಲೇ ಇರುವುದರಿಂದ, ಬೆಂಗಳೂರಿನ ಕೆಲವು ಎಂಜಿನಿಯರುಗಳಿಗೂ ಇದು ಹೊಸ ಹೆಸರಲ್ಲ.

ಮಾಂಸವೇ ಮುಖ್ಯ, ಉಳಿದದ್ದು ಆಡಂಬರ ಎನ್ನುವವರಿದ್ದಾರೆ. ಅವರಿಗೆ ಉತ್ತರ ಹೋಟೆಲಿನ ಗೋಡೆಯ ಮೇಲೇ ಇದೆ. ಮಾಂಸ ಯಾವ ದೇಶದ್ದೆಂದು ತೋರಿಸುವುದು ಕೊರಿಯಾದ ಹೋಟೆಲುಗಳಿಗೆ ಕಡ್ಡಾಯ. ಸುವೊನ್‌ನ ಹೆಸರಾಂತ ಹೋಟೆಲುಗಳಲ್ಲೂ ದೇಶೀ ತಳಿ ಹನೂವಿನ ಜೊತೆಗೆ ಅಮೆರಿಕದ ಗಾಲ್ಬಿಯೂ ಇರುತ್ತದೆ, ಅದರ ಬೆಲೆಯೂ ಕಡಿಮೆ. 2008ರಲ್ಲಿ ಅಮೆರಿಕದ ದನದ ಮಾಂಸದ ವಿರುದ್ಧ ಸೋಲ್‌ನ ಬೀದಿಗಳಲ್ಲಿ ಮೇಣದಬತ್ತಿ ಹಿಡಿದು ನಿಂತ ದೇಶವಿದು. ಆದರೂ 2012ರಲ್ಲಿ ಅಮೆರಿಕದೊಡನೆ ಜಾರಿಗೆ ಬಂದ ವ್ಯಾಪಾರ ಒಪ್ಪಂದ ಆ ಮಾಂಸದ ಮೇಲಿನ ಶೇ 40ರ ಸುಂಕವನ್ನು ವರ್ಷ ವರ್ಷ ಇಳಿಸುತ್ತಾ ಬಂತು. ಮಾಂಸ ಸಾಗರ ದಾಟಿ ಬಂದದ್ದಾದರೂ ‘ಸುವೊನ್ ಗಾಲ್ಬಿ’ ಎಂಬ ಹೆಸರು ಸಲ್ಲುತ್ತಿದೆ ಎಂದರೆ, ಆ ಹೆಸರು ದನದ್ದಲ್ಲ. ಬಿಡಿಸುವ ಚಾಕುವಿನದು, ಮಸಾಲೆಯದು. ಬೇರೆಡೆ ಸೋಯಾ ಸಾಸ್ ಹಾಕಿದರೆ ಇಲ್ಲಿನ ಪದ್ಧತಿಯಲ್ಲಿ ಉಪ್ಪೇ ಪ್ರಧಾನ. ಮಾಂಸದ ಬಣ್ಣ ಮುಚ್ಚಿಹೋಗುವುದಿಲ್ಲ, ಹಾಗಾಗಿ ಸುಡುವವಳ ತಪ್ಪೂ ಮುಚ್ಚಿಹೋಗುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕೊರಿಯಾದ ಸಾವಿರಾರು ಹೋಟೆಲುಗಳಲ್ಲಿ ಜನ ತಾವೇ ಸುಟ್ಟುಕೊಳ್ಳುತ್ತಾರಲ್ಲ? ಹೌದು, ಹಂದಿಯ ಹೊಟ್ಟೆಭಾಗದ ಮಾಂಸವನ್ನು. ಅದು ದಪ್ಪ, ಮಸಾಲೆಯಿಲ್ಲದ್ದು. ಎರಡು ನಿಮಿಷ ಹರಟೆಯಲ್ಲಿ ಮೈಮರೆತರೂ ಕ್ಷಮಿಸುತ್ತದೆ. ಸಕ್ಕರೆ ಸವರಿದ ತೆಳು ಗಾಲ್ಬಿ ಕ್ಷಮಿಸುವುದಿಲ್ಲ. ಹೊರಗೆ ಕರಕಲು, ಒಳಗೆ ಹಸಿ ಆಗಲು ಕ್ಷಣ ಸಾಕು. ಅದಕ್ಕೇ ಮೇಲಿಂದ ಮೇಲೆ ಮಗುಚುವುದು, ಜಾಲರಿ ಬದಲಿಸುವುದು. ಒಂದು ಮೇಜಿನ ಊಟಕ್ಕೆ ಬಳಕೆಯಾಗುವ ಜಾಲರಿಗಳನ್ನೆಲ್ಲ ಯಾರೋ ತಿಕ್ಕಿ ತೊಳೆಯಬೇಕಲ್ಲ, ಆ ಲೆಕ್ಕ ಯಾವ ಆಹಾರ ವಿಮರ್ಶೆಯಲ್ಲೂ ಬರುವುದಿಲ್ಲ. ಹೊಗೆಯಿಲ್ಲದ ವಿದ್ಯುತ್ ಒಲೆ, ಅಡುಗೆಮನೆಯಲ್ಲೇ ಸುಟ್ಟು ತಟ್ಟೆಯಲ್ಲಿ ತರುವ ಕ್ರಮ ಇವೆಲ್ಲ ಬಂದಿವೆ. ಅನುಕೂಲ ನಿಜ. ಬಟ್ಟೆಗೆ ವಾಸನೆ ಹಿಡಿಯದು, ಮಾಲೀಕನಿಗೆ ಇಬ್ಬರ ಸಂಬಳ ಉಳಿದೀತು. ಆದರೆ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯೇ ಈ ಊಟದ ಅರ್ಧ ರುಚಿ. ಅದನ್ನು ಕಳೆದರೆ ಉಳಿಯುವುದು ಸಿಹಿ ಮಾಂಸದ ಪಲ್ಯ.

ಹೆದರಿಕೆ ಯಂತ್ರದ್ದಲ್ಲ, ಕೈಗಳ ಕೊರತೆಯದು. ಬೇಸಗೆಯಲ್ಲೂ ಕೆಂಡದ ಎದುರು ನಿಲ್ಲುವ ಕೆಲಸಕ್ಕೆ ಹೊಸಬರು ಬರುವುದು ಕಷ್ಟ. ಕೊರಿಯಾದಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ. 2025ರಲ್ಲಿ ಕನಿಷ್ಠ ವೇತನ ಗಂಟೆಗೆ 10,030 ವಾನ್ ಇತ್ತು. ಹೋಟೆಲುಗಳ ಹಿಂಬದಿಯಲ್ಲಿ ಚೀನಾದಿಂದ ಬಂದ ಕೊರಿಯನ್ ಮೂಲದ ಹೆಂಗಸರು ದುಡಿಯುವುದು ಹಳೆಯ ಸಂಗತಿ. 2024ರಲ್ಲಿ ಸರ್ಕಾರ, ದೇಶೀ ಊಟದ ಹೋಟೆಲುಗಳ ಅಡುಗೆ ಸಹಾಯಕರ ಕೆಲಸಕ್ಕೂ ವಿದೇಶಿ ಕಾರ್ಮಿಕರನ್ನು ಪ್ರಾಯೋಗಿಕವಾಗಿ ಬಿಟ್ಟುಕೊಂಡಿತು. ಪರಂಪರೆ ಕೆಡುತ್ತದೆಂದು ಗೊಣಗುವವರ ಬಗ್ಗೆ ನನಗೆ ಸಹಾನುಭೂತಿಯಿಲ್ಲ. ಚಾಕು ಹಿಡಿಯುವ ಕ್ರಮ ಕಲಿತರೆ ಬರುತ್ತದೆ, ರಕ್ತದಿಂದ ಬರುವುದಿಲ್ಲ. ಕಲಿಸುವಷ್ಟು ಸಮಯ ಮತ್ತು ಸಂಬಳವನ್ನು ಮಾಲೀಕರು ಕೊಡಬೇಕು, ಅಷ್ಟೆ.

ಹೋಗುವವರಿಗೆ ಎರಡು ಮಾತು. ಗಾಲ್ಬಿಯನ್ನು ಸಾಮಾನ್ಯವಾಗಿ ಕನಿಷ್ಠ ಇಬ್ಬರ ಪಾಲಾಗಿ ಕೊಡುವುದರಿಂದ ಒಂಟಿಯಾಗಿ ಹೋದರೆ ತೊಂದರೆ. ಸಸ್ಯಾಹಾರಿಗಳು ಬರೀ ಪಕ್ಕದ ಬಟ್ಟಲುಗಳಲ್ಲಿ ಬರುವ ನೆಂಚಿಕೆಗಳನ್ನು ನಂಬಬಾರದು; ಕಿಮ್ಚಿಯಲ್ಲೂ ಉಪ್ಪು ಹಾಕಿದ ಮೀನೋ ಸಿಗಡಿಯೋ ಇರುತ್ತದೆ. ಸಂಜೆಯ ಬಿಲ್ಲು ಭಾರವೆನಿಸಿದರೆ ಮಧ್ಯಾಹ್ನ ಹೋಗಿ ಗಾಲ್ಬಿತಾಂಗ್ ಎಂಬ ಎಲುಬಿನ ಸಾರು ಕೇಳಿ. ಅದರ ಬೆಲೆ ಸುಟ್ಟ ಮಾಂಸಕ್ಕಿಂತ ಎಷ್ಟೋ ಕಡಿಮೆ.