ವಸಂತಕ್ಕೆ ಮೂರು ಪಂಚಾಂಗ

ಮಾಘ ಮಾಸ ಬಂತೆಂದರೆ ನಂಜನಗೂಡು, ತಿರುಮಕೂಡಲು ನರಸೀಪುರದ ಹಿತ್ತಿಲುಗಳಲ್ಲಿ ಮಾವಿನ ಹೂವಿನ ಘಮ. ಹೊಲದ ಬದುಗಳಲ್ಲಿ ಮುತ್ತುಗ, ಹಾಲುವಾಣ ಎಲೆ ಉದುರಿಸಿ ಕೆಂಪಾಗುತ್ತವೆ. ಅವುಗಳ ಮಕರಂದಕ್ಕಾಗಿ ಗುಲಾಬಿ ಕಬ್ಬಕ್ಕಿಗಳ ಹಿಂಡು ಗದ್ದಲವೆಬ್ಬಿಸುತ್ತದೆ. ಮಧ್ಯ ಏಷ್ಯಾದ ಕಡೆ ಮರಿ ಮಾಡಿ, ಚಳಿಗಾಲ ಕಳೆಯಲು ಇಲ್ಲಿಗೆ ಬರುವ ಹಕ್ಕಿಗಳಿವು. ಹೂವು, ಹಕ್ಕಿ, ಹಬ್ಬ ಒಟ್ಟಿಗೆ ಕಾಣುವುದರಿಂದ ಇವಕ್ಕೆಲ್ಲ ವಸಂತನೇ ಕರೆ ಕಳಿಸುತ್ತಾನೆಂದು ನಮ್ಮ ನಂಬಿಕೆ. ನಿಜವಾಗಿ ಮೂರೂ ಬೇರೆ ಬೇರೆ ಲೆಕ್ಕದಲ್ಲಿ ನಡೆಯುತ್ತವೆ.

ಹಬ್ಬದ ಲೆಕ್ಕ ಚಂದ್ರನದು. ನರಸೀಪುರದ ಸಂಗಮದಲ್ಲಿ ಮಾಘಸ್ನಾನ, ನಂಜನಗೂಡಿನಲ್ಲಿ ಫಾಲ್ಗುಣದ ದೊಡ್ಡ ಜಾತ್ರೆ, ಆಮೇಲೆ ಯುಗಾದಿ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಹಿಂದೆ ಬಿದ್ದ ದಿನಗಳನ್ನು ಅಧಿಕಮಾಸ ಸರಿದೂಗಿಸುತ್ತದೆ. 2023ರಲ್ಲಿ ಮಾರ್ಚ್ 22ಕ್ಕೆ ಬಂದ ಯುಗಾದಿ, ಅಧಿಕ ಶ್ರಾವಣ ಬಂದುದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಸರಿಯಿತು.

ಹಕ್ಕಿಯ ಲೆಕ್ಕ ಸೂರ್ಯನದು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಇವುಗಳ ಗುರುತು. ಮೈಸೂರು ಅರಸುಮನೆತನದ ಮೂಲಪುರುಷ ಯದುರಾಯನ ಐತಿಹ್ಯದೊಂದಿಗೆ ಹೆಣೆದುಕೊಂಡ ಊರಿದು. ಆ ಐತಿಹ್ಯ ಹೇಳುವ ಇಸವಿ 1399. ಮಂಗೋಲಿಯಾದಂಥ ದೂರದ ನಾಡಿನಿಂದ ಹಿಮಾಲಯ ದಾಟಿ ಬರುವ ಈ ಹಕ್ಕಿಗಳಿಗೆ ಹಿಂತಿರುಗುವ ಸೂಚನೆ ಕೊಡುವುದರಲ್ಲಿ ಹಗಲಿನ ಉದ್ದದ ಪಾತ್ರ ದೊಡ್ಡದು. ಮಾರ್ಚ್ ಹೊತ್ತಿಗೆ ಬಹುಪಾಲು ಹೊರಟುಬಿಡುತ್ತವೆ.

ಮರದ ಲೆಕ್ಕ ಹವೆಯದು. ಮಾವು ಹೂ ಕಟ್ಟಲು ಒಣಹವೆ, ತಂಪು ರಾತ್ರಿ ಬೇಕು. ಚಳಿ ಸಾಲದ ವರ್ಷ ಹೂವಿನ ಬದಲು ಚಿಗುರೇ ಬರಬಹುದು. ಹೂ ಬಿಟ್ಟ ಮೇಲೆ ಮೋಡ ಮುಸುಕಿದರೆ ಬೂದಿರೋಗ, ಜಿಗಿಹುಳುವಿನ ಕಾಟ. ಅಕಾಲದ ಮಳೆ ಪರಾಗ ತೊಳೆದರೆ ಆ ವರ್ಷದ ಫಸಲು ಹೂವಿನಲ್ಲೇ ಮುಗಿದಂತೆ.

ಈ ಮೂರು ಲೆಕ್ಕಗಳು ಹೊಂದಿಕೊಂಡಿದ್ದರಿಂದಲೇ ಯುಗಾದಿಯ ದಿನ ತೋರಣಕ್ಕೆ ಮಾವಿನ ಚಿಗುರು, ಬೆಲ್ಲದ ಜೊತೆಗೆ ಬೇವಿನ ಹೂ ಹಿತ್ತಿಲಲ್ಲೇ ಸಿಗುವ ರೂಢಿ ಬೆಳೆಯಿತು. ಹವೆ ದಿಕ್ಕುಗೆಟ್ಟಾಗ ಮೊದಲು ತಪ್ಪುವುದು ಮರದ ಲೆಕ್ಕ. ಮುತ್ತುಗ ಬೇಗ ಅರಳಿ ಉದುರಿದರೆ ಕಬ್ಬಕ್ಕಿ ಬೇರೆ ಆಹಾರ ಹುಡುಕಬೇಕು. ಬಿಸಿಲೇರಿ ಕೆರೆ ಬೇಗ ಬತ್ತಿದರೆ, ದೂರದ ಪಯಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕಾದ ಹೆಬ್ಬಾತು ನೆಲೆ ಬದಲಿಸಬೇಕು.

ಪಂಚಾಂಗ ತಪ್ಪಿದರೆ ಸರಿಪಡಿಸಲು ಅಧಿಕಮಾಸವಿದೆ. ಮರಕ್ಕೂ ಹಕ್ಕಿಗೂ ಆ ಅನುಕೂಲವಿಲ್ಲ. ಮೋಡವನ್ನು ತಡೆಯುವುದು ನಮ್ಮಿಂದಾಗದು. ಕೆರೆಯ ಹೂಳೆತ್ತಿ ಮಾರ್ಚ್‌ವರೆಗೆ ನೀರು ಉಳಿಸುವುದು, ಬದುವಿನ ಮುತ್ತುಗಕ್ಕೆ ಕೊಡಲಿ ಹಾಕದಿರುವುದು ಮಾತ್ರ ನಮ್ಮ ಕೈಯಲ್ಲೇ ಇದೆ.