ಬಂದೂಕಿನ ದಫ್ತರ: ಹಲಗಲಿಯಿಂದ ಡಿಸಿ ಕಚೇರಿಯವರೆಗೆ

ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಕೊಂದವರು ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರ ಕಡೆಯವರು. ದತ್ತಕಕ್ಕೆ ಒಪ್ಪಿಗೆ ಸಿಗದ ಸಿಟ್ಟು ಬಾಬಾಸಾಹೇಬರಲ್ಲಿ ಮೊದಲೇ ಹೊಗೆಯಾಡುತ್ತಿತ್ತು. ಕೋಟೆಯ ತೋಪು, ಮದ್ದುಗುಂಡು ಒಪ್ಪಿಸಬೇಕೆಂಬ ಹುಕುಂ ಅದಕ್ಕೆ ಕಿಡಿ ತಾಗಿಸಿತು. ಜೂನ್‌ನಲ್ಲಿ ಅವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಅದಕ್ಕೆ ಆರು ತಿಂಗಳು ಮೊದಲು, 1857ರ ನವೆಂಬರ್‌ನಲ್ಲಿ, ರಾಮದುರ್ಗಕ್ಕೆ ನೆರೆಯದಾದ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಸಿಡಿದೆದ್ದಿದ್ದರು. ಕಾರಣ ಅದೇ ವರ್ಷದ ನಿಶ್ಶಸ್ತ್ರೀಕರಣ ಕಾಯ್ದೆ. ಮನೆಯಲ್ಲಿರುವ ಹತಾರಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕು, ಪರವಾನಗಿ ಇಲ್ಲದ್ದನ್ನು ಒಪ್ಪಿಸಬೇಕು ಎಂದು ಅದು ವಿಧಿಸಿತ್ತು. ಬೇಟೆ, ಕಾವಲುಗಳಿಂದಲೇ ಬದುಕುತ್ತಿದ್ದ ಬೇಡರಿಗೆ ಹತಾರ ಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಕೊಟ್ಟಂತೆ. ಅವರು ಒಪ್ಪಲಿಲ್ಲ. ಕುಂಪಣಿ ಸೇನೆ ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ 13 ಜನರನ್ನು ಮುಧೋಳದಲ್ಲಿ, ಆರು ಜನರನ್ನು ಹಲಗಲಿಯಲ್ಲೇ ನೇಣಿಗೆ ಹಾಕಲಾಯಿತು. ಲಾವಣಿಕಾರರು ಈ ಕಥೆಯನ್ನು ಊರೂರಿಗೆ ಹಾಡಿ ಉಳಿಸಿದರು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ.

ಯಾರ ಮನೆಯಲ್ಲಿ ಬಂದೂಕಿದೆ ಎಂದು ಸರ್ಕಾರ ದಫ್ತರದಲ್ಲಿ ಬರೆದಿಡುವ ಪದ್ಧತಿ ನಮ್ಮ ಭಾಗದಲ್ಲಿ ಹೀಗೆ ರಕ್ತ ಹರಿಸಿ ಬೇರೂರಿತು. ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತ ಬಂದೂಕಿನ ಅರ್ಜಿ ತುಂಬುವಾಗ ಆ ಪದ್ಧತಿಯ ಮುಂದುವರಿದ ರೂಪಕ್ಕೇ ಸಹಿ ಹಾಕುತ್ತಾನೆ.

ಸನದಿನ ಕಾಲ

ಕುಂಪಣಿಗಿಂತ ಮೊದಲು ಈ ಸೀಮೆಯಲ್ಲಿ ಹತಾರ ಊರಿನ ಕಣ್ಣೆದುರಿಗೇ ಇತ್ತು. ಕಿತ್ತೂರು ಸಂಸ್ಥಾನದ ಶೇತಸನದಿಗಳು ಹೊಲ ಉಂಬಳಿ ಪಡೆದು, ಅದಕ್ಕೆ ಪ್ರತಿಯಾಗಿ ಊರು ಕಾಯುತ್ತಿದ್ದರು, ಕರೆ ಬಂದಾಗ ಯುದ್ಧಕ್ಕೆ ಹೋಗುತ್ತಿದ್ದರು. ಸಂಗೊಳ್ಳಿ ರಾಯಣ್ಣ ಅಂಥ ಮನೆತನದವನು. ಹತಾರ, ಹೊಲ, ಕರ್ತವ್ಯ ಮೂರೂ ಒಂದೇ ಸನದಿಗೆ ಕಟ್ಟುಬಿದ್ದಿದ್ದವು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರ ಕೋಟೆಯ ಮುಂದೆ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ. ಕಿತ್ತೂರು ಸೋತ ಮೇಲೆ ಸನದಿನ ಹೊಲಗಳಿಗೆ ಕುತ್ತು ಬಂತು. ರಾಯಣ್ಣ ಬಂಡೆದ್ದ, 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಈ ಎಲ್ಲ ಅನುಭವದಿಂದ ಬ್ರಿಟಿಷರು ಕಲಿತದ್ದು ಜನರ ಕೈಯ ಹತಾರಕ್ಕೆ ಹೆದರುವುದನ್ನು. ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರ ಕಾಯ್ದೆ ಆ ಹೆದರಿಕೆಗೆ ಇಡೀ ದೇಶದ ಕಾನೂನಿನ ರೂಪ ಕೊಟ್ಟಿತು. ಭಾರತೀಯನಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನನಿಗೆ ವಿನಾಯಿತಿ. ಈ ಅವಮಾನ ಸ್ವಾತಂತ್ರ್ಯ ಚಳವಳಿಯ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಒಪ್ಪಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕೂ ಸೇರಿತ್ತು. ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅದನ್ನು ಸೇರಿಸಲು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಹೀಗಾಗಿ ಬಂದೂಕು ನಮ್ಮಲ್ಲಿ ಮೂಲಭೂತ ಹಕ್ಕಾಗದೆ ಕಾನೂನು ಕೊಡುವ ಅನುಮತಿಯಾಗಿ ಉಳಿಯಿತು. ಆ ತೀರ್ಮಾನ ಸರಿಯೆಂದೇ ನಾನು ನಂಬುತ್ತೇನೆ.

ಅರ್ಜಿಯ ಒಳಗೆ

ಈಗ ಜಾರಿಯಲ್ಲಿರುವುದು 1959ರ ಶಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. 21 ವರ್ಷ ತುಂಬಿರಬೇಕು. ದೈಹಿಕ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಬೇಕು. ಮಾದಕ ವಸ್ತುಗಳ ಚಟವಿಲ್ಲ ಎಂಬುದೂ ಅದರಲ್ಲಿ ಬರಬೇಕು. ಶಿಕ್ಷೆಯಾಗಿದೆಯೇ, ಹಿಂದೆ ಅರ್ಜಿ ತಿರಸ್ಕೃತವಾಗಿದೆಯೇ, ಬಂದೂಕನ್ನು ಎಲ್ಲಿ ಭದ್ರವಾಗಿಡುತ್ತೀರಿ ಎಂಬುದಕ್ಕೆ ಉತ್ತರ ಕೊಡಬೇಕು. ಠಾಣೆಯವರು ವಿಚಾರಿಸಿ ವರದಿ ಬರೆದ ಮೇಲೆ ಜಿಲ್ಲಾ ದಂಡಾಧಿಕಾರಿ ತೀರ್ಮಾನಿಸುತ್ತಾರೆ. 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು ಎಂದಿತು, ಲೈಸೆನ್ಸ್ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಪ್ರತಿ ಲೈಸೆನ್ಸಿಗೂ ವಿಶಿಷ್ಟ ಗುರುತಿನ ಸಂಖ್ಯೆ ಬಂದಿದೆ. ಎಲ್ಲವೂ ಒಂದೇ ರಾಷ್ಟ್ರೀಯ ದತ್ತಾಂಶ ಕೋಶ ಸೇರಿವೆ. ತಹಶೀಲಿಯ ಕಪಾಟಿನಲ್ಲಿದ್ದ ದಫ್ತರ ಈಗ ದೆಹಲಿಯಿಂದಲೂ ಕಾಣುತ್ತದೆ.

ಇದರಲ್ಲಿ ಬಹುಪಾಲು ಬೇಕಾದದ್ದೇ. ಕುಡಿದ ಅಮಲಿನ ಜಗಳ, ಬದುವಿನ ತಂಟೆ, ಹೆಂಡತಿಯನ್ನು ಹೆದರಿಸುವ ಮನೆ, ಸಾಯಲು ಹೊರಟ ಮನಸ್ಸು ಇವುಗಳ ನಡುವೆ ಬಂದೂಕಿದ್ದರೆ ಏನಾಗುತ್ತದೆಂದು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆಯೇ ಬೆಳೆ ಕಾಯುವ ರೈತನ ಕಷ್ಟವನ್ನೂ ಕಾನೂನು ಬಲ್ಲದು. ನಿಜವಾದ ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು ಕೇಳಿದವನಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ ಲೈಸೆನ್ಸ್ ಕೊಡಬೇಕೆಂದು 13ನೇ ಕಲಮು ಹೇಳುತ್ತದೆ. ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ ಎಂದು 14ನೇ ಕಲಮು ಹೇಳುತ್ತದೆ.

ತೊಡಕಿರುವುದು ಅದೇ 14ನೇ ಕಲಮಿನ ಇನ್ನೊಂದು ಮಾತಿನಲ್ಲಿ. ಅರ್ಜಿ ತಿರಸ್ಕರಿಸಿದರೆ ಲಿಖಿತ ಕಾರಣ ಕೊಡಬೇಕು. ಆದರೆ ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಎನಿಸಿದರೆ ಕೊಡದಿರಬಹುದು. ಪ್ರಜೆ ತನ್ನ ಆರೋಗ್ಯ, ಮನೆ, ಹಿಂದಿನ ಬದುಕು ಎಲ್ಲವನ್ನೂ ತೆರೆದಿಡಬೇಕು. ಕಚೇರಿ ಬಾಯಿ ಮುಚ್ಚಿಕೊಂಡಿರಬಹುದು.

ಒಬ್ಬ ಕನ್ನಡಿಗ ನ್ಯಾಯಮೂರ್ತಿಯ ಅರ್ಜಿ

ಈ ಅಸಮತೋಲನವನ್ನು ಅಳೆಯುವ ಕೋಲು ನಮಗೆ ಸಿಕ್ಕಿದ್ದು ಕರ್ನಾಟಕದವರಿಂದಲೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಅದರೊಳಗೆ ಸರ್ಕಾರ ಕೈ ಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕೈ ಹಾಕುವುದು ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು.

ಬಂದೂಕಿನ ದಫ್ತರ ಮೊದಲ ಎರಡು ಪರೀಕ್ಷೆಗಳಲ್ಲಿ ಸುಲಭವಾಗಿ ಪಾಸಾಗುತ್ತದೆ. ಮೂರನೆಯದರಲ್ಲಿ ಪ್ರಶ್ನೆಗಳಿವೆ. ವೈದ್ಯರ ಪತ್ರವನ್ನು ಯಾರೆಲ್ಲ ಓದಬಹುದು? ಲೈಸೆನ್ಸ್ ರದ್ದಾದ ಮೇಲೆ ಆ ಕಾಗದ ಎಷ್ಟು ವರ್ಷ ಇರಬೇಕು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಪ್ರಶ್ನೆಗಳಿಗೆಂದೇ ಬಂತು, ಆದರೆ ಸರ್ಕಾರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅದರಲ್ಲೇ ದಾರಿ ಇಟ್ಟುಕೊಂಡಿದೆ.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸುವ ವಿಚಾರದಲ್ಲೂ ಇದೇ ಅಳತೆ ಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿಬಿದ್ದವರು ಇಂಥವರ ಲೈಸೆನ್ಸ್ ಪರಿಶೀಲಿಸಬೇಕೆಂದು ಚುನಾವಣಾ ಆಯೋಗದ ಸೂಚನೆ ಇದೆ, ಅದಕ್ಕೆ ಜಿಲ್ಲಾ ಮಟ್ಟದ ಸಮಿತಿಯೂ ಇದೆ. ಒಬ್ಬೊಬ್ಬರನ್ನು ನೋಡಿ ತೀರ್ಮಾನಿಸುವುದು ಪರಿಶೀಲನೆ. ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ನೋಟಿಸ್ ಹಂಚುವುದು ಸಂಶಯ.

ಬೇರೆ ದೇಶಗಳೂ ಇದೇ ಗೊಂದಲ ಕಂಡಿವೆ. ಅಮೆರಿಕದ 1986ರ ಕಾನೂನು ಕೇಂದ್ರ ಸರ್ಕಾರ ಬಂದೂಕುದಾರರ ರಾಷ್ಟ್ರೀಯ ಪಟ್ಟಿ ಮಾಡುವುದನ್ನೇ ತಡೆಯಿತು. ಅಲ್ಲಿಯ ಹತ್ಯಾಕಾಂಡಗಳನ್ನು ನೋಡಿದವರಿಗೆ ಅದು ಮಾದರಿ ಎನ್ನಿಸುವುದಿಲ್ಲ. 2012ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪತ್ರಿಕೆ ಪಿಸ್ತೂಲ್ ಪರ್ಮಿಟ್ ಇದ್ದವರ ಹೆಸರು, ವಿಳಾಸಗಳನ್ನು ನಕ್ಷೆ ಮಾಡಿ ಪ್ರಕಟಿಸಿದಾಗ ಜನ ರೊಚ್ಚಿಗೆದ್ದರು. ಪಟ್ಟಿಯೇ ಇಲ್ಲದಿರುವುದು ಒಂದು ಅಪಾಯ, ಇದ್ದ ಪಟ್ಟಿ ಬೀದಿಗೆ ಬೀಳುವುದು ಇನ್ನೊಂದು.

ಹಲಗಲಿಯ ಕಾಲದಲ್ಲಿ ದಫ್ತರ ಬರೆದವರು ಜನರಿಗೆ ಉತ್ತರ ಹೇಳಬೇಕಿರಲಿಲ್ಲ. ಇಂದಿನ ಸರ್ಕಾರ ಹೇಳಬೇಕು. ತಿರಸ್ಕಾರಕ್ಕೆ ಕಾರಣ ಕೊಡುವುದು ನಿಯಮವಾಗಲಿ, ಕೊಡದಿರುವುದು ತೀರಾ ಅಪರೂಪವಾಗಲಿ. ಆರೋಗ್ಯದ ಕಾಗದವನ್ನು ಯಾರು, ಯಾವಾಗ ತೆರೆದರೆಂಬುದು ದಾಖಲಾಗಲಿ. ಲೈಸೆನ್ಸ್ ಬಿಟ್ಟವರ ವಿವರ ಅಳಿಸಲು ಅವಧಿ ನಿಗದಿಯಾಗಲಿ. ಬಂದೂಕು ಇಟ್ಟುಕೊಂಡವರೂ ಸರ್ಕಾರ ಕೇಳಿದ್ದಕ್ಕೆ ಸತ್ಯ ಹೇಳಬೇಕು. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರೆಹದಲ್ಲೇ ಕೇಳಿ; 18ನೇ ಕಲಮಿನಲ್ಲಿ ಮೇಲ್ಮನವಿಯ ಹಕ್ಕು ನಿಮಗಿದೆ, ಅದನ್ನು ಬಳಸಿ.